ಜೇನುಪೆಟ್ಟಿಗೆಗೆ ಕಟ್ಟಿದ ಬಜೆ

ಮಧುವನಹಳ್ಳಿಯಲ್ಲಿ ಯಾರ ಮನೆಯಲ್ಲಿ ಕೂಸು ಹುಟ್ಟಿದರೂ ಮೂರನೆಯ ದಿನ ಗುರುಬಸಮ್ಮನಿಗೆ ಕರೆ ಬರುತ್ತಿತ್ತು. ಬಜೆಯ ಬೇರನ್ನು ದೀಪದ ಕುಡಿಯಲ್ಲಿ ಸುಟ್ಟು, ಸಾಣೆಕಲ್ಲಿನ ಮೇಲೆ ತಾಯಿಯ ಹಾಲಿನಲ್ಲಿ ಒಂದೇ ಒಂದು ಸುತ್ತು ತೇಯ್ದು, ಉಂಗುರದ ಬೆರಳಿನ ತುದಿಯಿಂದ ಕೂಸಿನ ನಾಲಿಗೆಗೆ ಮುಟ್ಟಿಸುವಳು. ಆಮೇಲೆ ಬಜೆಯ ಹಸಿ ಬೇರಿನ ಚೂರುಗಳನ್ನು ಕಪ್ಪು ದಾರಕ್ಕೆ ಪೋಣಿಸಿ ಕೈಗೆ ಕಟ್ಟುವಳು. ಹೊಟ್ಟೆನೋವು, ದೃಷ್ಟಿ, ಬೆಚ್ಚಿ ಅಳುವುದು ಎಲ್ಲಕ್ಕೂ ಅದೇ ಮದ್ದು. ಇಪ್ಪತ್ತೈದು ವರ್ಷದಲ್ಲಿ ಅವಳು ಯಾರಿಂದಲೂ ಏನನ್ನೂ ತೆಗೆದುಕೊಂಡಿರಲಿಲ್ಲ. ಆದರೆ ಬೀದಿಯಲ್ಲಿ ನಡೆದು ಹೋಗುವಾಗ, "ಅಗೋ, ನಿನ್ನ ನಾಲಗೆಗೆ ಬಜೆ ಇಟ್ಟ ಅವ್ವ" ಎಂದು ತಾಯಂದಿರು ಮಕ್ಕಳಿಗೆ ತೋರಿಸಿದರೆ ಅವಳ ನಡಿಗೆ ತುಸು ನಿಧಾನವಾಗುತ್ತಿತ್ತು.

ಅರವತ್ತೆಂಟನೆಯ ಇಸವಿ, ಶಿವರಾತ್ರಿಗೆ ಹದಿನೈದು ದಿನ ಮುಂಚೆ, ಅವಳ ಮನೆಯಲ್ಲಿಯೇ ಬೇರೆ ಬಗೆಯ ಒಂದು ಕಾಯಿಲೆ ಕಾಣಿಸಿಕೊಂಡಿತು.

ಮಗ ರುದ್ರಸ್ವಾಮಿ ಹಿತ್ತಿಲಲ್ಲಿ ಹನ್ನೆರಡು ಪೆಟ್ಟಿಗೆ ತುಡುವೆಜೇನು ಸಾಕಿದ್ದ. ಪೆಟ್ಟಿಗೆಗಳು ಕೊಳ್ಳೇಗಾಲದ ಜೇನು ಸಂಘದವು. ಯುಗಾದಿ ಕಳೆದ ಮೇಲೆ ಇನ್‌ಸ್ಪೆಕ್ಟರ್ ಬಂದು ನೋಡುವರು. ಎಂಟು ಪೆಟ್ಟಿಗೆಯಲ್ಲಾದರೂ ಜೇನುಹುಳು ಗಟ್ಟಿಯಾಗಿ ನೆಲೆ ನಿಂತಿದ್ದರೆ ಎಲ್ಲವೂ ಅವನಿಗೇ, ಇಲ್ಲದಿದ್ದರೆ ಖಾಲಿ ಪೆಟ್ಟಿಗೆಗಳು ಬೇರೆ ಊರಿಗೆ. ಒಳಗಿನ ಹುಳುಗಳನ್ನು ಯಳಂದೂರಿನ ಆಚೆಯ ಬೆಟ್ಟದಿಂದ, ಮರದ ಪೊಟರೆಗಳಿಂದ, ರಾಣಿ ಸಮೇತ ಹಿಡಿದು ಬುಟ್ಟಿಯಲ್ಲಿ ತಂದುಕೊಟ್ಟವನು ಸೋಲಿಗರ ಕೇತಯ್ಯ. ರುದ್ರಸ್ವಾಮಿಯ ಮಾತಿನ ಮೇಲೆ ಸಂಘದವರು ಅವನಿಗೆ ಇನ್ನೂ ಮೂವತ್ತು ಜೇನುಕುಟುಂಬ ತರಲು ಹೇಳಿದ್ದರು.

ಅಂದು ಬೆಳಿಗ್ಗೆ ರುದ್ರಸ್ವಾಮಿ ಜೇನುಗೂಡಿನ ಎರಿಯ ಒಂದು ತುಂಡನ್ನು ಅಂಗೈಯಲ್ಲಿಟ್ಟುಕೊಂಡು ಒಳಗೆ ಬಂದ. ಬೆಳೆಯುತ್ತಿದ್ದ ಮರಿಹುಳುವಿನ ಮೈಮೇಲೆ ಸಾಸಿವೆಗಿಂತ ಚಿಕ್ಕ ಕೆಂಪು ಚುಕ್ಕೆಗಳು. ಚುಕ್ಕೆಗಳು ನಡೆಯುತ್ತಿದ್ದವು.

"ನುಸಿ ಬಿದ್ದದೆ ಕಣಪ್ಪ. ಸಂಘದೋರು ಗಂಧಕದ ಪುಡಿ ಕೊಟ್ಟವ್ರೆ, ಪೆಟ್ಟಿಗೆಗೆ ಉದುರಿಸ್ಬೇಕಂತೆ."

ಅವನ ತಂದೆ ಪುಟ್ಟಮಲ್ಲಪ್ಪ ನಡುಮನೆಯಲ್ಲಿ ರೇಷ್ಮೆಹುಳುವಿನ ತಟ್ಟೆಗಳ ಮುಂದೆ ಕುಕ್ಕರುಗಾಲಲ್ಲಿ ಕೂತು ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತಿದ್ದ. ಕತ್ತಿ ನಿಂತಿತು.

"ಗಂಧಕವ? ನನ್ನ ಉಳ ಪೊರೆ ಬಿಡಾಕೆ ಮೂರನೇ ಜ್ವರಕ್ಕೆ ಮಲಗೋ ಒತ್ತು. ಆ ಗಾಳಿ ತಾಕುದ್ರೆ ಒಂದೂ ಏಳಾಕಿಲ್ಲ. ನಿನ್ನ ಜೇನೋ ನನ್ನ ರೇಷ್ಮೆಯೋ, ಒಂದ ಆರಿಸ್ಕೊ."

"ಹಿತ್ತಿಲಲ್ಲಿ ಉದುರಿಸಿದ್ರೆ ನಡುಮನೆಗೆ ಬಂದದಾ?"

"ಬಾರದೆ? ಗಾಳಿಗೆ ನೀನೇನು ಕದ ಆಕಿಸಿದ್ದೀಯ?"

ಒಲೆಯ ಮುಂದೆ ಮುದ್ದೆ ತೊಳಸುತ್ತಿದ್ದ ಗುರುಬಸಮ್ಮ ಅಲ್ಲಿಂದಲೇ ಹೇಳಿದಳು: "ಅಪ್ಪ ಮಗ ಯಾಕೆ ಕಚ್ಚಾಡೀರಿ? ಬಜೆ ಆಕ್ಲಾ. ಹಾಲು ಕುಡಿಯೋ ಕೂಸಿಗೇ ಏನೂ ಆಗಾಕಿಲ್ಲ, ಜೇನುಳಕ್ಕೆ ಏನಾದದು? ಗಿಡದ ಬೇರು. ಅಂಗಡಿ ವಿಷ ಅಲ್ಲ."

ಸೊಸೆ ಶಂಕರಮ್ಮ ಯಳಂದೂರಿನವಳು, ಎಸ್.ಎಸ್.ಎಲ್.ಸಿ. ಮುಗಿಸಿದವಳು. ಮೂರು ತಿಂಗಳ ಮಗಳು ಚನ್ನಿಯನ್ನು ಕಾಲ ಮೇಲೆ ಮಲಗಿಸಿಕೊಂಡಿದ್ದಳು. ಮೆಲ್ಲಗೆ, "ಅತ್ತೆಮ್ಮ, ಕಾಳಿನ ಗುಡಾಣಕ್ಕೂ ಬಜೆ ಆಕ್ತೀವಲ್ಲ, ಹುಳ ಬೀಳ್ದೆ ಇರ್ಲಿ ಅಂತ. ಜೇನೂ ಹುಳವೇ ಅಲ್ವಾ?" ಎಂದಳು.

"ಗುಡಾಣದ್ದು ಕಳ್ಳ ಉಳ ಕಣವ್ವ. ಜೇನು ಮನೆ ಉಳ."

ಪುಟ್ಟಮಲ್ಲಪ್ಪ ನಕ್ಕ. ರುದ್ರಸ್ವಾಮಿಯೂ ನಕ್ಕ. ಶಂಕರಮ್ಮ ನಗಲಿಲ್ಲ; ಮಗುವಿನ ಕೈಯ ಬಜೆಯ ಬಳೆಯನ್ನು ಸರಿಮಾಡಿದಳು.

ಮೊದಲು ಒಂದೇ ಪೆಟ್ಟಿಗೆಗೆ ಒಂದು ಚಿಟಿಕೆ ಬಜೆಪುಡಿ ಹಾಕಿ, ತಳದಲ್ಲಿ ಬಿಳಿ ಕಾಗದ ಹಾಸಿದರು. ಮಾರನೆಯ ದಿನ ಕಾಗದ ಎಳೆದರೆ ಅದರ ತುಂಬ ಕೆಂಪು ಚುಕ್ಕೆ ಉದುರಿತ್ತು. ಒಂದೂ ಜೇನು ಸತ್ತಿರಲಿಲ್ಲ. ರುದ್ರಸ್ವಾಮಿ ಆ ಕಾಗದವನ್ನು ಮಡಿಸದೆ ಹಿಡಿದುಕೊಂಡು ಬೀದಿಯ ಈ ತುದಿಯಿಂದ ಆ ತುದಿಯವರೆಗೆ ತೋರಿಸಿ ಬಂದ.

"ನಮ್ಮವ್ವ ಇನ್‌ಸ್ಪೆಕ್ಟರಿಗೇ ಪಾಠ ಹೇಳ್ಬೇಕು ಕಣ್ಲಾ!"

ಗುರುಬಸಮ್ಮನಿಗೆ ಹುರುಪು ಬಂತು. ಒಂದು ಸಲ ಹಾಕಿ ಬಿಟ್ಟರೆ ನುಸಿ ತಿರುಗಿ ಬರುವುದಿಲ್ಲವೇ? ಕೂಸಿನ ಕೈಗೆ ಬಜೆ ಕಟ್ಟಿದರೆ ಒಂದು ದಿನಕ್ಕೆ ಬಿಚ್ಚುತ್ತಾರೆಯೇ? ಅವಳು ಹಳೆಯ ಸೀರೆ ಹರಿದು ಹನ್ನೆರಡು ಪುಟ್ಟ ಗಂಟು ಕಟ್ಟಿದಳು, ಒಂದೊಂದರಲ್ಲೂ ಒಂದು ಹಿಡಿ ಹಸಿ ಬಜೆಯ ಪುಡಿ. ಸುಡಲಿಲ್ಲ, ಸುಟ್ಟರೆ ಮಸಿ ಎರಿಗೆ ಅಂಟುತ್ತದಲ್ಲ. ಪೆಟ್ಟಿಗೆಗೊಂದು ಗಂಟು ಒಳಗೆ ಕಟ್ಟಿ, ಮುಚ್ಚಳ ಹಾಕಿದರು. ಎಂಟು ದಿನಕ್ಕೊಮ್ಮೆ ಹೊಸ ಪುಡಿ ತುಂಬುವುದು ಎಂದು ಗೊತ್ತು ಮಾಡಿದಳು.

ಆ ವಾರವೇ ರೇಷ್ಮೆಗೂಡಿನ ಮಾರುಕಟ್ಟೆಗೆ ಬಂದಿದ್ದ ಮಾರ್ಟಳ್ಳಿಯ ಮಾದಣ್ಣ ಸುದ್ದಿ ಕೇಳಿ ಮನೆಯವರೆಗೂ ಬಂದ. ಅವನಿಗೂ ಎಂಟು ಪೆಟ್ಟಿಗೆ, ಅವಕ್ಕೂ ನುಸಿ. ಗುರುಬಸಮ್ಮ ಎರಡು ಸೇರು ಪುಡಿ ಕುಟ್ಟಿಕೊಟ್ಟು, ಗಂಟು ಕಟ್ಟುವ ಬಗೆ ತೋರಿಸಿದಳು. ಅವನು ಕಾಲುಮುಟ್ಟಿ ಹೋದ.

*

ಹೊಂಗೆ ಹೂ ಬಿಟ್ಟಿತು. ಕೆರೆಯ ಏರಿಯ ಮರಗಳ ಕೆಳಗೆ ಪುರಿ ಚೆಲ್ಲಿದ ಹಾಗೆ ಹೂ ಬಿದ್ದಿತ್ತು. ಪ್ರತಿ ವರ್ಷ ಈ ಹೊತ್ತಿಗೆ ಹಿತ್ತಿಲಿಗೆ ಕಾಲಿಟ್ಟರೆ ಗುಂಯ್ ಎನ್ನುವ ಸದ್ದು ಎದೆಗೇ ತಾಗಬೇಕು. ಈ ಸಲ ಒಂದೊಂದಾಗಿ ಹೋಗುತ್ತಿದ್ದ ಹುಳುಗಳನ್ನು ಎಣಿಸಬಹುದಿತ್ತು.

ಊಟಕ್ಕೆ ಕೂತಾಗ ರುದ್ರಸ್ವಾಮಿ ತಟ್ಟೆ ನೋಡುತ್ತಲೇ ಹೇಳಿದ: "ಮೊಟ್ಟೆ ಕಾಣಾಕಿಲ್ಲ."

"ಎಲ್ಲಿ?" ಎಂದಳು ಗುರುಬಸಮ್ಮ, ಸೊಪ್ಪಿನ ಸಾರು ಬಡಿಸುತ್ತ.

"ತೆಗೆದು ನೋಡಿದ ಏಳೆಂಟು ಪೆಟ್ಟಿಗೇಲಿ ಎಲ್ಲೂ ಇಲ್ಲ. ಎರಿ ಎಲ್ಲ ಖಾಲಿ ಖಾಲಿ. ರಾಣಿ ಓಡಾಡ್ಕಂಡವಳೆ, ಮೊಟ್ಟೆ ಮಾತ್ರ ಇಕ್ಕಾಕಿಲ್ಲ. ಇರೋ ಮುದಿ ಹುಳ ಸತ್ರೆ ಮುಗೀತು."

"ನುಸಿ?"

"ನುಸಿಯೂ ಇಲ್ಲ."

"ಅಂಗಾದ್ರೆ ಮದ್ದು ಕೆಲ್ಸ ಮಾಡದೆ. ಬಿಸಿಲಿಗೆ ಸೊರಗಿರ್ಬೌದು."

ಪುಟ್ಟಮಲ್ಲಪ್ಪ ಎರಿಯಿಂದ ಹಿಂಡಿದ್ದ ಒಂದು ಚಮಚೆ ಜೇನನ್ನು ಮುದ್ದೆಗೆ ಸವರಿ ಬಾಯಿಗಿಟ್ಟವನು ಮುಖ ಕಿವುಚಿದ. "ಇದೇನ್ಲಾ, ಬಾಣಂತಿ ಕೋಣೆ ನೆಕ್ಕಿದಂಗಾಯ್ತಲ್ಲ!"

ಶಂಕರಮ್ಮ ಮಾತ್ರ ತಲೆಯೆತ್ತಿ ಅತ್ತೆಯ ಮುಖ ನೋಡಿ, ಮತ್ತೆ ತಗ್ಗಿಸಿದಳು.

ಎರಡು ದಿನದ ಮೇಲೆ ಕೇತಯ್ಯ ಬಂದ. ಬಾಣಂತಿಯ ಬಾಯಿಗೆ ರುಚಿ ಇರಲೆಂದು ಉಪ್ಪಿನಕಾಯಿ ಹಾಕುವ ಮಾಗಳಿ ಬೇರಿನ ಕಟ್ಟು ತಂದಿದ್ದ. ಅದನ್ನು ಜಗಲಿಯ ಮೇಲಿಡುವ ಮೊದಲೇ ರುದ್ರಸ್ವಾಮಿ ಎರಗಿದ.

"ಮುದಿ ರಾಣಿಗಳ ತಂದು ನನ್ನ ತಲೆಗೆ ಕಟ್ಟಿದ್ದೀಯಲ್ಲ ಕೇತಯ್ಯ!"

"ಇಲ್ಲ ಬುದ್ಧಿ. ಎಲ್ಲಾ ಒಸ ರಾಣಿ. ನಾನೇ ನೋಡ್ ನೋಡಿ ಇಡ್ದೆ."

"ಒಸದಾದ್ರೆ ಮೊಟ್ಟೆ ಎಲ್ಲಿ? ಇನ್‌ಸ್ಪೆಕ್ಟರ್ ಬರ್ಲಿ. ನಿನ್ನ ಕೈಯಿಂದ ಒಂದು ಕುಟುಂಬವೂ ತಗೋಬೇಡಿ ಅಂತ ಬರೆಸ್ತೀನಿ."

ಮೂವತ್ತು ಕುಟುಂಬಗಳ ಮಾತನ್ನು ನಂಬಿ ಕೇತಯ್ಯನೂ ಹೆಂಡತಿ ಬೆಳ್ಳಮ್ಮನೂ ತಿಂಗಳಿಂದ ಪೊಟರೆಗಳನ್ನು ಗುರುತು ಮಾಡಿಟ್ಟಿದ್ದರು. ಅವನು ಬೇರಿನ ಕಟ್ಟನ್ನು ಜಗಲಿಯ ಅಂಚಿಗಿಟ್ಟು, "ಅವ್ವಾ, ಇದು ಕೂಸಿನ ತಾಯಿಗೆ" ಎಂದು ಗುರುಬಸಮ್ಮನಿಗೆ ಹೇಳಿ ಹೊರಟ. ಅವಳು ಎಲೆ ಹಾಕಿ ಉಣ್ಣು ಎಂದರೂ ನಿಲ್ಲಲಿಲ್ಲ. ಈ ಮನೆಯ ಜಗಲಿಯಿಂದ ಅವನು ಉಣ್ಣದೆ ಹೋದದ್ದು ಅದೇ ಮೊದಲು.

*

ಸೋಮವಾರ ಮೊಮ್ಮಗಳಿಗೆ ಎಣ್ಣೆ ನೀರು. ಗುರುಬಸಮ್ಮ ಕಾಲು ಚಾಚಿ ಕೂತು ಕೂಸನ್ನು ಮಲಗಿಸಿಕೊಂಡವಳು, ಎಣ್ಣೆಯ ಕೈಯಲ್ಲೇ ಮಗುವಿನ ಕೈ ಹಿಡಿದು ನೋಡಿದಳು. ಬಳೆ ಇರಲಿಲ್ಲ.

"ಬಜೆ ಎಲ್ಲವ್ವ?"

ನೀರು ಹದ ಮಾಡುತ್ತಿದ್ದ ಶಂಕರಮ್ಮ ತಿರುಗಲಿಲ್ಲ. "ಬಿಚ್ಚಿಟ್ಟೆ."

"ಯಾಕೆ? ದಾರ ಕಿತ್ತೋಯ್ತಾ?"

"ಇಲ್ಲ. ನಾನೇ ಕತ್ತರಿಸ್ದೆ. ಮಗು ಅದನ್ನ ಬಾಯಿಗಿಟ್ಕೊಂಡು ಚೀಪ್ತದೆ."

"ಚೀಪ್ಲಿ ಅಂತಲೇ ಕಟ್ಟೋದು! ನಿನ್ನ ಗಂಡ ಚೀಪಿ ಬೆಳೀಲಿಲ್ವಾ? ಯಳಂದೂರಲ್ಲಿ ನಿಮ್ಮವ್ವ ನಿಂಗೆ ಕಟ್ಟಲಿಲ್ವಾ?"

"ಕಟ್ಟಿದ್ರು. ಈಗ ಬೇಡ ಅತ್ತೆಮ್ಮ."

"ಏನು, ನನ್ನ ಕೈ ವಿಷವಾಗೋಯ್ತಾ ನಿಂಗೆ? ನೂರು ಕೂಸು ಈ ಬೆರಳಿಂದ ನೆಕ್ಕವೆ. ಒಬ್ಬ ತಾಯಿ ಬಂದು ಹಿಂಗಂದಿಲ್ಲ. ಓದಿದ ಸೊಸೆ ತಂದ್ಕಂಡಿದ್ದಕ್ಕೆ ನಂಗೆ ಬಂದದ್ದು ಇದು!"

ಕೂಸು ಬೆಚ್ಚಿ ಅತ್ತಿತು. ಶಂಕರಮ್ಮ ಬಂದು ಅದನ್ನು ಎತ್ತಿಕೊಂಡಳು. ಕಿತ್ತುಕೊಳ್ಳಲಿಲ್ಲ, ಅತ್ತೆಯ ಕಾಲ ಮೇಲಿದ್ದ ಕೂಸಿನ ಕೆಳಗೆ ಕೈ ತೂರಿಸಿ, ಎಣ್ಣೆಯಲ್ಲಿ ಜಾರದ ಹಾಗೆ ಮೆತ್ತಗೆ ಎತ್ತಿದಳು.

"ಹಿತ್ತಿಲಿಗೆ ಬನ್ನಿ ಅತ್ತೆಮ್ಮ. ಒಂದು ಪೆಟ್ಟಿಗೆ ತೋರಿಸ್ತೀನಿ. ಆಮೇಲೆ ಬೇಕಾದಷ್ಟು ಬೈರಿ."

ಹುಲ್ಲಿನ ಮೆದೆಯ ಪಕ್ಕದ ಹನ್ನೆರಡನೆಯ ಪೆಟ್ಟಿಗೆ. ಮಗುವನ್ನು ಮಾವನ ಕೈಗೆ ಕೊಟ್ಟು ಬಂದ ಶಂಕರಮ್ಮ ಮುಚ್ಚಳ ತೆಗೆದಳು. ಗುಂಯ್ ಎಂದು ಸದ್ದು ಎದ್ದಿತು. ಎರಿಯನ್ನು ಬಿಸಿಲಿಗೆ ಓರೆ ಹಿಡಿದಳು. ಕೋಣೆ ಕೋಣೆಯ ತಳದಲ್ಲೂ ಬಿಳಿಯ ಎಳೆಯ ಹಾಗೆ ಮೊಟ್ಟೆ. ಅಂಚಿನಲ್ಲಿ ಮುಚ್ಚಿದ ಮರಿಗಳು, ಅಲ್ಲೊಂದು ಇಲ್ಲೊಂದು ನುಸಿ.

"ಇದ್ರಲ್ಲಿ ಗಂಟು ಎಲ್ಲಿ?" ಎಂದಳು ಗುರುಬಸಮ್ಮ.

"ಇದಕ್ಕೆ ಕಟ್ಟಲೇ ಇಲ್ಲ. ಅವತ್ತು ಕೊನೆ ಗಂಟು ನನ್ನ ಕೈಗೆ ಕೊಟ್ರಿ. ಯಾಕೋ ಮನಸ್ಸು ಬರ್ಲಿಲ್ಲ, ಬೇಲಿಗೆ ಎಸೆದುಬಿಟ್ಟೆ. ವಾರವಾರವೂ ಇದರ ಪಾಲಿನ ಪುಡಿ ಎಸೆದೆ."

"ಅವತ್ತೇ ಯಾಕೆ ಹೇಳ್ಲಿಲ್ಲ?"

"ನೀವು ಎಲ್ರ ಮುಂದೆ ಅಷ್ಟು ಸಂತೋಷವಾಗಿದ್ರಿ. ಹೆಂಗೆ ಹೇಳ್ಲಿ?"

ಗುರುಬಸಮ್ಮ ಸೆರಗನ್ನು ಮುಖಕ್ಕೆ ಸುತ್ತಿಕೊಂಡು ತಾನೇ ಹನ್ನೊಂದನೆಯದನ್ನು ತೆಗೆದಳು. ಬಜೆಯ ಘಾಟು ಮೂಗಿಗೆ ಬಡಿಯಿತು. ದಿನವೂ ಆ ವಾಸನೆಯಲ್ಲೇ ಇದ್ದವಳಿಗೆ ಅದು ಇಷ್ಟು ಗಡುಸಾಗಿದೆ ಎಂದು ತಿಳಿದೇ ಇರಲಿಲ್ಲ. ಎರಿ ಒಣಗಿದ ಹಾಗಲಕಾಯಿಯ ಸಿಪ್ಪೆಯ ಹಾಗೆ ಖಾಲಿಯಾಗಿತ್ತು. ಹತ್ತನೆಯದು, ಒಂಬತ್ತನೆಯದು, ಎಂಟನೆಯದು. ಒಂದೊಂದನ್ನೂ ತೆಗೆದು, ಗಂಟು ಬಿಚ್ಚಿ ನೆಲಕ್ಕೆ ಹಾಕಿದಳು. ಕೊನೆಗೆ ಗಂಟುಗಳ ಪಕ್ಕದಲ್ಲೇ ಮಣ್ಣಿನ ಮೇಲೆ ಕೂತಳು.

"ಕೂಸು ಬಯಲಲ್ಲಿ ಆಡ್ತದೆ," ಎಂದಳು ತಡೆದು ತಡೆದು. "ಇವು ಮುಚ್ಚಿದ ಪೆಟ್ಟಿಗೇಲಿ ರಾತ್ರಿ ಹಗಲು ಇದನ್ನೇ ಉಸಿರಾಡವೆ. ನಾಲಗೆಗೆ ಇಡೋವಾಗ ಸುಟ್ಟು ಒಂದು ಸುತ್ತು ತೇಯ್ತೀನಿ. ಇಲ್ಲಿ ಹಿಡಿ ಹಿಡಿ ಹಸೀದು ತುಂಬಿಟ್ಟೆ. ಎರಡೂ ಒಂದೇ ಅಂದ್ಕಂಡೆ."

ಶಂಕರಮ್ಮ ಹೋಗಿ ಒಂದು ಚೊಂಬು ಮಜ್ಜಿಗೆ ತಂದು ಕೈಗೆ ಕೊಟ್ಟಳು.

ಸಂಜೆ ವಿಷಯ ತಿಳಿದಾಗ ರುದ್ರಸ್ವಾಮಿ ಮೊದಲು ಹೆಂಡತಿಯ ಮೇಲೆ ಕೂಗಾಡಿದ. ಆಮೇಲೆ ಬಾಗಿಲು ಮುಂದಕ್ಕೆ ಎಳೆದು ದನಿ ತಗ್ಗಿಸಿದ.

"ಆಗಿದ್ದಾಯ್ತು. ಗಂಟು ಬಿಸಾಕಿದ್ರಲ್ಲ, ಅಷ್ಟೇ. ಬಜೆ ಮಾತು ಇನ್‌ಸ್ಪೆಕ್ಟರ್ ಕಿವಿಗೆ ಬೀಳಕೂಡ್ದು. ಸಂಘದ ಮದ್ದು ಬಿಟ್ಟು ಮನೆ ಮದ್ದು ಮಾಡಿದ್ರು ಅಂತ ಗೊತ್ತಾದ್ರೆ ಒಂದು ಪೆಟ್ಟಿಗೆಯೂ ಉಳಿಯಾಕಿಲ್ಲ. ರಾಣಿ ಸರಿ ಇರ್ಲಿಲ್ಲ ಅಂದ್ರೆ ಬೇರೆ ಕುಟುಂಬ ಕೊಡ್ತಾರೆ."

"ಕೇತಯ್ಯ?" ಎಂದಳು ಗುರುಬಸಮ್ಮ.

"ಅವನಿಗೆ ಕಾಡು ಅದೆ. ನಮಗೇನದೆ?"

"ಕಾಡು ಇದ್ರೆ ನಮ್ಮ ಸುಳ್ಳನ ಬೇಯ್ಸಿ ಒಟ್ಟೆ ತುಂಬಿಸ್ಕಂಡಾನಾ?"

"ನಿನಗೋಸ್ಕರವೇ ಹೇಳ್ತಿರೋದು ಕಣವ್ವ! ನಾಳೆ ಒಬ್ಬ ತಾಯಾದ್ರೂ ನಿನ್ನ ಬಜೆಗೆ ಬಾಯಿ ತೆರೆಸ್ತಾಳಾ?"

ಪುಟ್ಟಮಲ್ಲಪ್ಪ ರೇಷ್ಮೆ ತಟ್ಟೆಯ ಮೇಲೆ ಸೊಪ್ಪು ಹರಡುತ್ತ, "ಗಂಧಕ ಬೇಡ ಅಂದೋನು ನಾನು. ನನ್ನ ಹೆಸರೂ ಸೇರಿಸ್ಕಳಿ" ಎಂದ. ಅಷ್ಟೇ. ಆ ರಾತ್ರಿ ಮುದ್ದೆ ಹಾಗೆಯೇ ಉಳಿಯಿತು.

*

ಇನ್‌ಸ್ಪೆಕ್ಟರ್ ಯುಗಾದಿಯ ನಾಲ್ಕನೆಯ ದಿನ ಬಂದರು. ಸೈಕಲ್ಲನ್ನು ಗೋಡೆಗೆ ಒರಗಿಸಿ, ಪೆಟ್ಟಿಗೆಗಳನ್ನು ಒಂದೊಂದಾಗಿ ನೋಡಿದರು. ಕೇತಯ್ಯನಿಗೂ ಬರಲು ಹೇಳಿದ್ದರು. ಅವನು ಜಗಲಿಯ ಕೆಳಗೆ ಕೈಕಟ್ಟಿ ನಿಂತಿದ್ದ.

"ಹನ್ನೊಂದರಲ್ಲಿ ಮೊಟ್ಟೆಯೇ ಇಲ್ಲವಲ್ಲ. ಏನಾಯಿತು ರುದ್ರಸ್ವಾಮಿ?"

"ಸಾ, ಇವನು ತಂದ ರಾಣಿಗಳೇ ಸರಿ ಇಲ್ಲ. ಎಲ್ಲಾ ಮುದಿಯವು."

"ಬುದ್ಧಿ, ನನ್ನ ಮಕ್ಕಳಾಣೆಗೂ..."

"ಆಣೆ ಬೇಡ. ಹನ್ನೊಂದು ಸೋತಿವೆ, ಕಣ್ಣಿಗೆ ಕಾಣುತ್ತಿದೆ," ಎಂದು ಇನ್‌ಸ್ಪೆಕ್ಟರ್ ಪೆನ್ನಿನ ಮುಚ್ಚಳ ತೆಗೆದರು. "ಇವನಿಂದ ಇನ್ನು ಕುಟುಂಬ ಬೇಡ ಎಂದು ಬರೆದುಬಿಡುತ್ತೇನೆ."

ಗುರುಬಸಮ್ಮ ಬಾಗಿಲ ಹಿಂದೆ ನಿಂತಿದ್ದಳು. ಹೊಸ್ತಿಲು ದಾಟಿದಳು.

"ಒಸಿ ತಡೀರಪ್ಪ. ರಾಣಿ ಕೆಟ್ಟಿಲ್ಲ. ನಾನು ಕೆಡಿಸ್ದೆ."

"ಅವ್ವಾ, ಒಳಗೋಗು!"

ಅವಳು ಮಗನ ಕಡೆ ನೋಡಲಿಲ್ಲ, ನೋಡಿದ್ದರೆ ಹೇಳಲಾಗುತ್ತಿರಲಿಲ್ಲ. ಇನ್‌ಸ್ಪೆಕ್ಟರನ್ನು ಹನ್ನೆರಡನೆಯ ಪೆಟ್ಟಿಗೆಯ ಬಳಿಗೆ ಕರೆದೊಯ್ದು ಬರಿಗೈಯಲ್ಲಿ ಮುಚ್ಚಳ ತೆಗೆದಳು. "ಇದೂ ಕೇತಯ್ಯ ತಂದದ್ದೇ. ಅದೇ ಬೆಟ್ಟದ್ದು, ಅದೇ ದಿನದ್ದು. ಇದಕ್ಕೆ ನನ್ನ ಬಜೆ ಬೀಳ್ಲಿಲ್ಲ, ನೋಡಿ, ಹೆಂಗದೆ. ಮಿಕ್ಕಿದ್ದಕ್ಕೆಲ್ಲ ತಿಂಗಳಿಗೂ ಮೇಲೆ ಕಟ್ಟಿ ಮುಚ್ಚಿಟ್ಟೆ."

ಒಂದು ಜೇನು ಅವಳ ಮುಂಗೈಗೆ ಚುಚ್ಚಿತು. ಕೇತಯ್ಯ ಸದ್ದಿಲ್ಲದೆ ಪಕ್ಕಕ್ಕೆ ಬಂದು, ಉಗುರಿನಿಂದ ಮುಳ್ಳನ್ನು ಕೆರೆದು ತೆಗೆದು, ಮತ್ತೆ ಹಿಂದಕ್ಕೆ ಹೋಗಿ ನಿಂತ.

ಇನ್‌ಸ್ಪೆಕ್ಟರ್ ಎರಡು ಪೆಟ್ಟಿಗೆಯ ಎರಿಗಳನ್ನೂ ಪಕ್ಕಪಕ್ಕ ಹಿಡಿದು ಬಹಳ ಹೊತ್ತು ನೋಡಿದರು. "ಒಂದು ಚಿಟಿಕೆ ಹಾಕಿ ಮಾರನೆಯ ದಿನ ತೆಗೆದಿದ್ದರೆ?"

"ಮೊದಲ್ನೇ ಸಲ ಅಂಗೇ ಮಾಡಿದ್ವಿ. ನುಸಿ ಉದುರ್ತು, ಜೇನು ಸಾಯ್ಲಿಲ್ಲ. ಅದಕ್ಕೇ ಮೈಮರೆತೆ."

"ಒಂದು ಚಿಟಿಕೆ ಒಳ್ಳೆಯದೋ ಕೆಟ್ಟದ್ದೋ ನನಗೂ ಗೊತ್ತಿಲ್ಲ ತಾಯಿ. ಪರೀಕ್ಷೆ ಮಾಡಿದವರನ್ನು ನಾನು ಕಾಣೆ. ಗಿಡದ್ದು ಅಂದ ಮಾತ್ರಕ್ಕೆ ನಿರಪಾಯ ಅಂತ ನಾನೂ ಅಂದುಕೊಂಡಿದ್ದೆ." ಕೇತಯ್ಯನ ಮೇಲೆ ಬರೆಯಹೊರಟ ಹಾಳೆಯನ್ನು ಅವರು ಹರಿದರು. ಆದರೆ ಕಟ್ಟಳೆ ಕಟ್ಟಳೆಯೇ: ಹನ್ನೊಂದು ಪೆಟ್ಟಿಗೆಗಳನ್ನು ಗಾಡಿ ಕಳಿಸಿ ತರಿಸಿಕೊಳ್ಳುತ್ತೇವೆ ಎಂದು ಹೇಳಿ ಹೋದರು.

ರುದ್ರಸ್ವಾಮಿ ಕಂಬಕ್ಕೆ ಒರಗಿ ನಿಂತಿದ್ದ. "ಸಮಾಧಾನ ಆಯ್ತಾ? ಕಾಡಿನೋನ್ನ ಉಳಿಸಿ ಮಗನ್ನ ಮುಳುಗಿಸ್ದೆ."

"ಮಾದಣ್ಣನ ಎಂಟು ಪೆಟ್ಟಿಗೇಲೂ ನನ್ನ ಗಂಟು ಅವೆ ಕಣ್ಲಾ," ಎಂದಳು ಅವಳು. "ಬೆಳಿಗ್ಗೆ ಬಸ್ಸಿಗೆ ಮಾರ್ಟಳ್ಳಿಗೆ ಓಯ್ತೀನಿ."

"ಒಂದು ಕಾಗದ ಹಾಕಿದ್ರೆ ಸಾಲ್ದಾ?"

"ಕಾಗದ ಓಗೋ ಒಳಗೆ ಇನ್ನೆಷ್ಟು ಹುಳ ಸತ್ತಾವೋ."

*

ಬೆಳಿಗ್ಗೆ ಅವಳು ಬಾಗಿಲು ತೆಗೆಯುವಷ್ಟರಲ್ಲಿ ಶಂಕರಮ್ಮ ಮೊಸರನ್ನದ ಬುತ್ತಿ ಕಟ್ಟಿ, ಮಗುವನ್ನು ಸೊಂಟಕ್ಕೇರಿಸಿ ನಿಂತಿದ್ದಳು. ಬರುತ್ತೇನೆ ಎಂದೂ ಹೇಳಲಿಲ್ಲ, ಬರಲೇ ಎಂದೂ ಕೇಳಲಿಲ್ಲ. ಹನೂರು ದಾಟುವವರೆಗೂ ಬಸ್ಸು ಹಾರಿ ಬಿದ್ದಾಗಲೆಲ್ಲ ಮಗುವಿನ ತಲೆಯ ಹಿಂದೆ ಇಬ್ಬರ ಕೈಯೂ ಒಟ್ಟಿಗೆ ಹೋಗುತ್ತಿತ್ತು.

ಮಾದಣ್ಣ ಅವಳನ್ನು ಕಂಡು ಸಂಭ್ರಮದಿಂದ ಚಾಪೆ ಹಾಸಿದ. ವಿಷಯ ಕೇಳುತ್ತ ಕೇಳುತ್ತ ಅವನ ಮುಖ ಬಿಗಿಯಿತು. ಪೆಟ್ಟಿಗೆ ತೆರೆದರೆ ಐದು ಖಾಲಿ. ಹುಳುಗಳು ಎದ್ದು ಹೋಗಿದ್ದವು. ಮೂರರಲ್ಲಿ ಅಂಗೈಯಗಲ ಜೇನುಹುಳು.

"ಹಿಂಗೆ ಮಾಡೋದಾ ಅವ್ವಾ? ಕಾಲುಮುಟ್ಟಿ ತಂದೆನಲ್ಲ ನಾನು! ದೇವರ ಪ್ರಸಾದ ತಂದಂಗೆ ತಂದೆ!"

"ಬೈಯಪ್ಪ. ಬೈಯ್ಯೋದು ನ್ಯಾಯವೇ."

"ಬೈದ್ರೆ ಬಂದಾವಾ?" ಅವನು ಕೈಯಲ್ಲಿದ್ದ ಗಂಟನ್ನು ಬೇಲಿಯಾಚೆ ಬೀಸಿದ. ಹೆಂಡತಿ ಅವನ ಬೆನ್ನ ಹಿಂದಿನಿಂದಲೇ ಬಂದು ಇಬ್ಬರಿಗೂ ನೀರು ಕೊಟ್ಟು, ಮಗುವಿಗೆ ನೆರಳಾಗುವಂತೆ ನಿಂತಳು. ಮಾದಣ್ಣ ಖಾಲಿ ಪೆಟ್ಟಿಗೆಯ ಮುಚ್ಚಳ ಹಾಕುತ್ತ ಹೇಳಿದ: "ನನ್ನದು ಹೋದ್ರೆ ಹೋಗ್ಲಿ. ನಿಮ್ಮ ಹೆಸರು ಹೇಳಿ ಇನ್ನೂ ಆರು ಮನೆಗೆ ಪುಡಿ ಕೊಟ್ಟಿದ್ದೀನಿ. ಅವರಿಗೆ ಯಾರು ಹೇಳೋದು?"

ಗುರುಬಸಮ್ಮ ಚೊಂಬು ಕೆಳಗಿಟ್ಟು ಎದ್ದಳು. "ನಾನೇ ಹೇಳ್ತೀನಿ. ಮನೆ ತೋರ್ಸು."

ಮೊದಲ ಮನೆಯ ಹೆಂಗಸು ಬಾಗಿಲಿಗೆ ಬಂದು, "ಯಾರಮ್ಮಾ, ಎನ್ನ ವೇಣುಂ?" ಎಂದಳು. ಏನು ಬೇಕೆಂದು ಕೇಳಿದ್ದು; ತಮಿಳಿನ ಮನೆ, ಕನ್ನಡ ಬಾರದು. ಮಾದಣ್ಣ ತಾನು ಹೇಳಲೆಂದು ಬಾಯಿ ತೆರೆದ. ಗುರುಬಸಮ್ಮ ಅವನನ್ನು ತಡೆದಳು. ಕೊಳ್ಳೇಗಾಲ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕಾಲದಲ್ಲಿ ಹುಡುಗಿಯಾಗಿ ಕಲಿತಿದ್ದ ತಮಿಳಿನಲ್ಲಿ ಅಷ್ಟಿಷ್ಟು ಉಳಿದಿತ್ತು.

"ನಾನು ಮಧುವನಹಳ್ಳಿ ಗುರುಬಸಮ್ಮ," ಎಂದಳು. ಜೇನುಪೆಟ್ಟಿಗೆಯ ಕಡೆ ಕೈ ತೋರಿಸಿದಳು. "ಅಂದ ಮರುಂದು ವೇಂಡಾಂ. ಎಡುತ್ತುಡು. ಎನ್ ತಪ್ಪು."

ಆ ಮದ್ದು ಬೇಡ, ತೆಗೆದುಬಿಡು, ತಪ್ಪು ನನ್ನದು: ಅಷ್ಟೇ ಅವಳಿಗೆ ಬಂದದ್ದು. ಹೆಂಗಸು ಅವಳನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಒಳಗೆ ಹೋಗಿ ಪುಡಿಯ ಪೊಟ್ಟಣ ತಂದು ಅವಳ ಅಂಗೈಗೆ ಹಾಕಿ, ಹಿತ್ತಿಲಿಗೆ ಓಡಿದಳು. ಪೆಟ್ಟಿಗೆಯ ಮುಚ್ಚಳ ಎತ್ತಿದ ಸದ್ದು ಬೀದಿಗೆ ಕೇಳಿಸಿತು.

ದೂರದಲ್ಲಿ ಬಸ್ಸು ಹಾರನ್ ಹಾಕಿತು.

"ಅತ್ತೆಮ್ಮ, ಇದು ಬಿಟ್ರೆ ಇವತ್ತಿಗೆ ಬಸ್ಸಿಲ್ಲವಂತೆ," ಎಂದಳು ಶಂಕರಮ್ಮ.

"ಓಗ್ಲಿ ಬುಡು. ಎರಡನೇ ಮನೆ ಯಾವುದು, ಕೇಳು."